ಕ್ಲಾಟ್ ತಯಾರಿ: ಯಾವ ಅಣಕು ಪರೀಕ್ಷೆ ಬರೆಯಬೇಕು?

ಕ್ಲಾಟ್ ಎಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. ಅದರ ತಯಾರಿಯಲ್ಲಿ ನಾನು ಮಾಡಿದ ಮೊದಲ ತಪ್ಪಿನಿಂದಲೇ ಶುರುಮಾಡುತ್ತೇನೆ. ‘ನೂರು ಅಣಕು ಪರೀಕ್ಷೆಗಳು’ ಎಂಬ ಜಾಹೀರಾತು ನೋಡಿ ಒಂದು ಕಂತೆಯನ್ನು ಕೊಂಡೆ. ಅರ್ಧದಷ್ಟು ಪತ್ರಿಕೆಗಳಲ್ಲಿ 200 ಪ್ರಶ್ನೆಗಳಿದ್ದವು! ಅದು 2020ಕ್ಕಿಂತ ಹಿಂದಿನ ಕ್ಲಾಟ್. ಆ ವರ್ಷ ಪರೀಕ್ಷೆ ಗದ್ಯಭಾಗಗಳನ್ನು ಆಧರಿಸಿದ 150 ಪ್ರಶ್ನೆಗಳಿಗೆ ಇಳಿಯಿತು. 2023ರ ಡಿಸೆಂಬರ್‌ನಲ್ಲಿ ನಡೆದ ಕ್ಲಾಟ್ 2024ರಿಂದ ಪ್ರಶ್ನೆಗಳು 120, ಸಮಯ ಅದೇ ಎರಡು ಗಂಟೆ. ಹಳೆಯ ಮಾದರಿಯಲ್ಲಿ ಪಳಗಿದ ಕೈ ಈಗಿನ ಪರೀಕ್ಷೆಯಲ್ಲಿ ಎಡವುತ್ತದೆ, ಏಕೆಂದರೆ ಅಲ್ಲಿ ನೆನಪಿಗೆ ಕೆಲಸ, ಇಲ್ಲಿ ಓದಿಗೆ.

ಹಾಗಾಗಿ ಅಸಲಿ ಪತ್ರಿಕೆಗಳೇ ಚಿನ್ನ. ಆದರೆ ಲೆಕ್ಕ ಹಾಕಿ ನೋಡಿ: ಗದ್ಯಭಾಗದ ಮಾದರಿಯವು 2020ರಿಂದ 2026ರವರೆಗೆ ಏಳೇ ಏಳು. ಅವುಗಳಲ್ಲಿ 120 ಪ್ರಶ್ನೆಗಳವು ಕೊನೆಯ ಮೂರು ಮಾತ್ರ. ಇವನ್ನು ಮೊದಲ ವಾರದಲ್ಲೇ ಬರೆದು ಮುಗಿಸಿದರೆ ಕೊನೆಯ ತಿಂಗಳಿಗೆ ಅಳತೆಗೋಲೇ ಇರುವುದಿಲ್ಲ. 2020ರಿಂದ 2023ರವರೆಗಿನವನ್ನು ವಿಭಾಗವಾರು ಅಭ್ಯಾಸಕ್ಕೆ ಬಳಸಿ. ಅವುಗಳ ಪ್ರಚಲಿತ ವಿದ್ಯಮಾನದ ಪ್ರಶ್ನೆಗಳು ಹಳಸಿವೆ, ಬಿಟ್ಟುಬಿಡಿ. ಕೊನೆಯ ಮೂರನ್ನು ನವೆಂಬರ್‌ವರೆಗೆ ಮುಟ್ಟಬೇಡಿ. 2025ರ ಪತ್ರಿಕೆಗೆ ಮಾತ್ರ ಒಂದು ಎಚ್ಚರ: ಅದರ ಉತ್ತರಸೂಚಿಯ ವ್ಯಾಜ್ಯ ದೆಹಲಿ ಹೈಕೋರ್ಟ್‌ಗೂ ಅಲ್ಲಿಂದ ಸುಪ್ರೀಂ ಕೋರ್ಟ್‌ಗೂ ಹೋಗಿ ಕೆಲವು ಉತ್ತರಗಳು ಬದಲಾದವು. ಪರಿಷ್ಕೃತ ಸೂಚಿಯನ್ನೇ ಹುಡುಕಿಕೊಳ್ಳಿ. (ಕಾನೂನು ಓದಲು ಹೊರಟವರಿಗೆ ಪ್ರವೇಶ ಪರೀಕ್ಷೆಯೇ ಮೊದಲ ಮೊಕದ್ದಮೆ!)

ಉಳಿದ ತಿಂಗಳುಗಳಿಗೆ ಖಾಸಗಿ ಅಣಕು ಪರೀಕ್ಷೆಗಳು ಬೇಕೇ ಬೇಕು. ಒಳ್ಳೆಯದನ್ನು ಗುರುತಿಸಲು ನಾನು ಮೊದಲು ತೆರೆಯುವುದು ಕಾನೂನು ತಾರ್ಕಿಕತೆಯ ವಿಭಾಗವನ್ನು. ಒಂದು ಉದಾಹರಣೆ. ಅಪ್ರಾಪ್ತ ವಯಸ್ಕರ ಕರಾರು ಅನೂರ್ಜಿತ ಎಂದು 1903ರ ಮೊಹೊರಿ ಬೀಬಿ ತೀರ್ಪು ಹೇಳಿದೆ. ಈಗ ಗದ್ಯಭಾಗವೊಂದು ‘ಪೋಷಕರು ಸಹಿ ಹಾಕಿದ್ದರೆ ಅಪ್ರಾಪ್ತರ ಕರಾರು ಊರ್ಜಿತ’ ಎಂಬ ಕಲ್ಪಿತ ನಿಯಮವನ್ನು ಕೊಡುತ್ತದೆ ಎನ್ನಿ. ಹದಿನೇಳರ ಹುಡುಗ ತಾಯಿಯ ಸಹಿಯೊಂದಿಗೆ ಕಂತಿನಲ್ಲಿ ಸೈಕಲ್ ಕೊಳ್ಳುತ್ತಾನೆ. ಅವನು ಹಣ ಕೊಡಬೇಕೇ? ಕೊಡಬೇಕು. ನಮಗೆ ಗೊತ್ತಿರುವ ನಿಜವಾದ ಕಾನೂನನ್ನು ಹೊರಗಿಟ್ಟು, ಮುಂದಿರುವ ನಿಯಮವನ್ನೇ ಅನ್ವಯಿಸಬೇಕು. ಒಳ್ಳೆಯ ಪತ್ರಿಕೆ ಇದನ್ನು ಪರೀಕ್ಷಿಸುತ್ತದೆ. ‘ಮೊಹೊರಿ ಬೀಬಿ ತೀರ್ಪು ಯಾವ ವರ್ಷದ್ದು?’ ಎಂದು ಕೇಳುವ ಪತ್ರಿಕೆಯನ್ನು ಅಲ್ಲೇ ಮಡಚಿಡಿ.

ಎರಡನೆಯದಾಗಿ ಗದ್ಯಭಾಗದ ಉದ್ದ. ಕ್ಲಾಟ್‌ನಲ್ಲಿ ಅದು ಸುಮಾರು 450 ಪದಗಳವರೆಗೆ ಇರುತ್ತದೆ. 200 ಪದಗಳಲ್ಲಿ ಮುಗಿಸುವ ಅಣಕು ಪರೀಕ್ಷೆಯಲ್ಲಿ ಅಂಕ ಸೊಗಸಾಗಿ ಬರುತ್ತದೆ, ಡಿಸೆಂಬರ್‌ನ ಅಸಲಿ ಪರೀಕ್ಷೆಯಲ್ಲಿ ಸಮಯ ಸಾಲುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರಿಗೆ ಈ ಮೋಸ ಇನ್ನೂ ದುಬಾರಿ. ಪತ್ರಿಕೆ ಇಂಗ್ಲಿಷಿನಲ್ಲೇ ಇರುವುದರಿಂದ ನಮ್ಮ ತೊಡಕು ಕಾನೂನಿಗಿಂತ ಓದಿನ ವೇಗದಲ್ಲಿದೆ.

ವಿವರಣೆಗಳನ್ನೂ ನೋಡಿ. ‘ಸರಿಯುತ್ತರ ಸಿ’ ಎಂದಷ್ಟೇ ಬರೆದಿದ್ದರೆ ಅದು ಉತ್ತರಸೂಚಿ, ಪಾಠವಲ್ಲ. ಉಳಿದ ಮೂರು ಏಕೆ ತಪ್ಪು ಎಂಬುದು ಬೇಕು. ನಾಲ್ಕು ತಪ್ಪುಗಳಿಗೆ ಒಂದು ಅಂಕ ಹೋಗುವ ಪರೀಕ್ಷೆಯಲ್ಲಿ ಎರಡು ಆಯ್ಕೆಗಳನ್ನು ನಂಬಿಕೆಯಿಂದ ತಳ್ಳಿಹಾಕಲು ಬಂದರೆ ಊಹೆಯೂ ಲಾಭವೇ: ಅಂಥ ಎಂಟು ಊಹೆಗಳಲ್ಲಿ ನಾಲ್ಕು ಸರಿಯಾದರೆ ನಿವ್ವಳ ಮೂರು ಅಂಕ.

ಗಣಿತಕ್ಕಾಗಿ ಬೇರೆ ಕಂತೆ ಕೊಳ್ಳಬೇಡಿ. ಅದು 10ರಿಂದ 14 ಪ್ರಶ್ನೆಗಳಷ್ಟೇ, ಹತ್ತನೆಯ ತರಗತಿಯ ಮಟ್ಟದ್ದು. ದೆಹಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸ್ವಂತ ಪ್ರವೇಶ ಪರೀಕ್ಷೆಯಾದ ಐಲೆಟ್‌ನ ಪತ್ರಿಕೆಗಳನ್ನು ಕ್ಲಾಟ್ ಅಭ್ಯಾಸವೆಂದು ಯಾರಾದರೂ ಕೊಟ್ಟರೆ ಸಾಮಾನ್ಯ ತರ್ಕದ ವಿಭಾಗಕ್ಕಷ್ಟೇ ಬಳಸಿ. ಅದರ ವಿನ್ಯಾಸವೇ ಬೇರೆ.

ಕೊನೆಗೆ, ಮುದ್ರಿಸಿಕೊಂಡು ಬರೆಯಿರಿ. ಪರೀಕ್ಷೆ ಕಾಗದದ ಮೇಲೆ, ಉತ್ತರದ ವೃತ್ತಗಳನ್ನು ತುಂಬುವ ಓಎಂಆರ್ ಹಾಳೆಯಲ್ಲಿ. ಮೊಬೈಲ್ ಪರದೆಯಲ್ಲಿ ಬೆರಳಿಟ್ಟು ಗೆದ್ದ ನಿಮಿಷಗಳನ್ನು ವೃತ್ತ ತುಂಬುವ ಪೆನ್ನು ತಿಂದುಬಿಡುತ್ತದೆ. ಇತ್ತೀಚಿನ ಕ್ಲಾಟ್‌ಗಳು ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ನಡೆದಿವೆ. ನಾನೂ ಈಗ ಭಾನುವಾರ ಅದೇ ಹೊತ್ತಿಗೆ ಕೂರುತ್ತೇನೆ, ಮುದ್ದೆಯೂಟವನ್ನು ನಾಲ್ಕೂವರೆಗೆ ಮುಂದೂಡಿ.