ಅಂಗೈಯಲ್ಲಿ ಮೆದುಳು

"ಮಾಮ, ಇದು ಯಾರದು?"

ಕೈಗವಸು ತೊಟ್ಟ ಎರಡೂ ಅಂಗೈ ಜೋಡಿಸಿ, ಅದರ ಮೇಲೆ ಮನುಷ್ಯನ ಮೆದುಳು ಹೊತ್ತು ನಿಂತಿದ್ದ ಅಕ್ಕನ ಮಗಳು ಕೇಳಿದ ಮೊದಲ ಪ್ರಶ್ನೆ ಇದು. ಹತ್ತನೇ ಕ್ಲಾಸಿನವಳು. ಮೆದುಳಿನ ಚಿತ್ರ ಬರೆದು ಭಾಗ ಗುರುತಿಸು ಅಂದರೆ ಕಣ್ಣು ಮುಚ್ಚಿಕೊಂಡು ಬರೆಯುತ್ತಾಳೆ. ಆದರೆ ಚಿತ್ರ ಬರೆಯುವಾಗ 'ಇದು ಯಾರದು' ಅಂತ ಯಾರಿಗೂ ಅನ್ನಿಸುವುದಿಲ್ಲ, ಅಲ್ವಾ?

ನಾವಿದ್ದದ್ದು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ, ಅಲ್ಲಿನ ಮೆದುಳು ಮ್ಯೂಸಿಯಂ ಒಳಗೆ. ನಿಮ್ಹಾನ್ಸ್ ಅಂದರೆ ನಮ್ಮ ಜನಕ್ಕೆ ಆಸ್ಪತ್ರೆ ಅಷ್ಟೇ. ಅದು ಪಾಠ ಹೇಳುವ ಜಾಗವೂ ಹೌದು. 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಮರುವರ್ಷ ಅಲ್ಲಿ ಮನುಷ್ಯರ ಮೆದುಳುಗಳನ್ನು ಸಂಶೋಧನೆಗಾಗಿ ಕೂಡಿಡುವ ರಾಷ್ಟ್ರೀಯ ಭಂಡಾರ ಶುರುವಾಯಿತು. ಇದರ ಹಿಂದೆ ಡಾ. ಎಸ್.ಕೆ. ಶಂಕರ್ ಮತ್ತು ಅವರ ಜೊತೆಯವರ ದಶಕಗಳ ದುಡಿಮೆಯಿದೆ. ಹಾಗೆ ಕೂಡಿಟ್ಟದ್ದರಲ್ಲಿ ಒಂದಷ್ಟನ್ನು ಶಾಲೆ ಮಕ್ಕಳಿಗೂ ನನ್ನಂಥ ದಾರಿಹೋಕರಿಗೂ ತೋರಿಸುತ್ತಾರೆ. ಬರೀ ತೋರಿಸುವುದಲ್ಲ, ಕೈಗೂ ಕೊಡುತ್ತಾರೆ.

ಅವಳ ಪ್ರಶ್ನೆಗೆ ಹೆಸರಿನ ಉತ್ತರ ಸಿಗುವುದಿಲ್ಲ. ಇಲ್ಲಿಗೆ ಬರುವ ಮೆದುಳುಗಳಲ್ಲಿ ಜಾಸ್ತಿ ಪಾಲು ರಸ್ತೆ ಅಪಘಾತದಲ್ಲಿ ತೀರಿಕೊಂಡವರದು. ಪೋಸ್ಟ್‌ಮಾರ್ಟಂ ಹೊತ್ತಿನಲ್ಲಿ, ಹೆಣ ಮನೆಗೆ ಒಯ್ಯಲು ಕಾಯುತ್ತಿರುವವರ ಹತ್ತಿರ ಹೋಗಿ, ಸಂಶೋಧನೆಗೆ ಕೊಡ್ತೀರಾ ಅಂತ ಕೇಳಬೇಕು. ಅಂಥ ಗಳಿಗೆಯಲ್ಲಿ ಯಾರೋ ಹೂಂ ಅಂದಿದ್ದಾರೆ. ವಿಶ್ವವಿದ್ಯಾಲಯ ಊರಿಗೆ ವಿಜ್ಞಾನ ಕೊಡುತ್ತದೆ ಅಂತ ನಾವು ಮಾತಾಡುತ್ತೇವೆ. ಇಲ್ಲಿ ಮೊದಲು ಕೊಟ್ಟದ್ದು ಊರು.

ಮೆದುಳು ಅವಳು ಅಂದುಕೊಂಡಂತೆ ಇರಲಿಲ್ಲ. ಪುಸ್ತಕದ ಗುಲಾಬಿ ಬಣ್ಣ ಎಲ್ಲಿ? ಇದಕ್ಕೆ ಹಳೇ ಗೋಡೆಯ ಸುಣ್ಣದಂಥ ಮಾಸಲು ಬಣ್ಣ. ಮುಟ್ಟಿದರೆ ರಬ್ಬರು. ಅದು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವ ಮಾಡಿದ ಕೆಲಸ. ಫಾರ್ಮಲಿನ್ ಒಳಗಿನ ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಗಟ್ಟಿ ಮಾಡುತ್ತದೆ. ಬದುಕಿರುವಾಗ ಮೆದುಳು ಗಡ್ಡೆ ಮೊಸರಿನಷ್ಟು ಮೆತ್ತಗೆ. ದೊಡ್ಡವರ ಮೆದುಳು 1,300ರಿಂದ 1,400 ಗ್ರಾಂ ತೂಗುತ್ತದೆ. ಆದರೆ ಬುರುಡೆಯೊಳಗಿನ ನೀರಿನಂಥ ದ್ರವದಲ್ಲಿ ತೇಲುವುದರಿಂದ ಅದರ ಭಾರ ಸುಮಾರು 50 ಗ್ರಾಂನಷ್ಟೇ ಅನ್ನಿಸುತ್ತದೆ. ಇಲ್ಲದಿದ್ದರೆ ತನ್ನ ಭಾರಕ್ಕೆ ತಾನೇ ಅಪ್ಪಚ್ಚಿಯಾಗುತ್ತಿತ್ತು. ಇಂಥ ಮೊಸರನ್ನು ಹೊತ್ತುಕೊಂಡು ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುತ್ತೇವೆ.

ಇದರೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ಯಾರು ಎಣಿಸಿದರು? ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಮತ್ತು ಜೊತೆಯವರು. ಅವರು ಮೆದುಳನ್ನು ಕರಗಿಸಿ ಅಕ್ಷರಶಃ ಸಾರು ಮಾಡಿದರು. ಕೋಶದ ಪೊರೆ ಕರಗುತ್ತದೆ, ನಡುವಿನ ಬೀಜ (ನ್ಯೂಕ್ಲಿಯಸ್) ಉಳಿಯುತ್ತದೆ. ಒಂದು ನರಕೋಶಕ್ಕೆ ಒಂದು ಬೀಜ. ಸಾರನ್ನು ಚೆನ್ನಾಗಿ ಕಲಕಿ, ಸ್ವಲ್ಪ ತೆಗೆದುಕೊಂಡು ಅದರಲ್ಲಿರುವ ಬೀಜ ಎಣಿಸಿ ಗುಣಿಸಿದರಾಯಿತು. 2009ರಲ್ಲಿ ಈ ಲೆಕ್ಕ ಹೊರಬಂತು. ಅದರಲ್ಲಿ ಸುಮಾರು 6,900 ಕೋಟಿ ನರಕೋಶಗಳು ಹಿಂದುಗಡೆಯ ಪುಟ್ಟ ಅನುಮಸ್ತಿಷ್ಕದಲ್ಲೇ ಇವೆ. ಚಿತ್ರದಲ್ಲಿ ನಾವು ಮೂಲೆಯಲ್ಲಿ ಗೀಚಿ ಮುಗಿಸುವ ಭಾಗ ಅದು!

ವಿಶ್ವವಿದ್ಯಾಲಯದವರು ಶಾಲೆಗೆ ಬಂದು ವಿಜ್ಞಾನ ಹೇಳುವ ಕಾರ್ಯಕ್ರಮಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ಎಪ್ಪತ್ತು ಸ್ಲೈಡಿನ ಭಾಷಣ, ವಂದನಾರ್ಪಣೆ. ಪ್ರಶ್ನೆಗೆ ಐದು ನಿಮಿಷ, ಅಷ್ಟರಲ್ಲಿ ಊಟದ ಬೆಲ್. ಮಕ್ಕಳು ಸುಮ್ನೆ ಚಪ್ಪಾಳೆ ಹೊಡೆದು ಏಳುತ್ತಾರೆ. ಇದಕ್ಕಿಂತ ಮೇಷ್ಟ್ರುಗಳನ್ನೇ ಕರೆಸಿ ಲ್ಯಾಬಿನಲ್ಲಿ ಕೂರಿಸುವುದು ವಾಸಿ. ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಅದನ್ನೇ ಮಾಡುತ್ತಿದೆ. ಕೈಯಾರೆ ಪ್ರಯೋಗ ಮಾಡಿದ ಮೇಷ್ಟ್ರು ವರ್ಷ ವರ್ಷವೂ ಹೊಸ ಮಕ್ಕಳ ಮುಂದೆ ನಿಲ್ಲುತ್ತಾರೆ.

ಮತ್ತೆ ಮ್ಯೂಸಿಯಂಗೆ ಬರೋಣ. ಒಂದು ಜಾಡಿಯ ಮುಂದೆ ನಾವು ಜಾಸ್ತಿ ಹೊತ್ತು ನಿಂತೆವು. ಕತ್ತರಿಸಿದ ಮೆದುಳಿನ ತುಂಬ ಅವರೆಕಾಳಿನಂಥ ಗುಳ್ಳೆ. ಹಂದಿ ಲಾಡಿಹುಳುವಿನ ಮರಿಗಳು ಮಾಡಿಕೊಂಡ ಗೂಡು. "ನಾವು ಹಂದಿ ತಿನ್ನಲ್ಲವಲ್ಲ" ಅಂದಳು ಹುಡುಗಿ, ಸಮಾಧಾನದಿಂದ. ವಿಷಯ ಅಷ್ಟು ಸುಲಭವಲ್ಲ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ಅವರ ಮಲದಲ್ಲಿ ಹೊರಬರುತ್ತದೆ. ಆ ಕೊಳಕು ನೀರು ಹರಿದ ತೋಟದ ಕೊತ್ತಂಬರಿ ಸೊಪ್ಪು, ಕ್ಯಾರೆಟ್ ಸರಿಯಾಗಿ ತೊಳೆಯದೆ ಕೋಸಂಬರಿಗೆ ಬಿದ್ದರೆ, ಮೊಟ್ಟೆ ಸಸ್ಯಾಹಾರಿಯ ಹೊಟ್ಟೆಗೂ ಹೋಗುತ್ತದೆ. ಅಲ್ಲಿಂದ ಮರಿ ರಕ್ತ ಸೇರಿ ಮೆದುಳು ಮುಟ್ಟುತ್ತದೆ. ನಮ್ಮ ದೇಶದಲ್ಲಿ ಫಿಟ್ಸ್ ಬರಲು ಇದೂ ಒಂದು ದೊಡ್ಡ ಕಾರಣ.

ಫಿಟ್ಸ್ ಅಂದಕೂಡಲೇ ಕೈಗೆ ಬೀಗದ ಕೈ ಕೊಡುತ್ತೇವೆ, ಈರುಳ್ಳಿ ಮೂಸಿಸುತ್ತೇವೆ. ಎರಡರಿಂದಲೂ ಏನೂ ಆಗುವುದಿಲ್ಲ. ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು.

ಫಿಟ್ಸ್‌ನಲ್ಲಿ ನಮ್ಮ ಕಡೆಯದೇ ಅನ್ನಿಸುವ ಒಂದು ಬಗೆಯಿದೆ. ಬಿಸಿನೀರಿನ ಫಿಟ್ಸ್. 1945ರಲ್ಲಿ ಮೊದಲು ವರದಿಯಾದದ್ದು ದೂರದ ನ್ಯೂಜಿಲೆಂಡಿನಿಂದ. ಆದರೆ ಅತಿ ಹೆಚ್ಚು ಕಂಡದ್ದು ದಕ್ಷಿಣ ಕರ್ನಾಟಕದಲ್ಲಿ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಇದರ ಬೆನ್ನು ಹತ್ತಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಜೊತೆಯವರು 279 ಮಂದಿಯ ವಿವರ ಪ್ರಕಟಿಸಿದರು. ಗುಟ್ಟು ಇದ್ದದ್ದು ನಮ್ಮ ಬಚ್ಚಲಲ್ಲಿ. ಹಂಡೆಯಿಂದ ಚೊಂಬು ಚೊಂಬು ಬಿಸಿನೀರು ಬಿಡುವಿಲ್ಲದೆ ತಲೆಗೆ ಹುಯ್ಯುತ್ತೇವಲ್ಲ, ಕೆಲವರ ಮೆದುಳಿಗೆ ಆ ಕಾವು ತಡೆಯುವುದಿಲ್ಲ. ಎಷ್ಟೋ ಜನಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿದರೇ ಫಿಟ್ಸ್ ನಿಲ್ಲುತ್ತದೆ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಡಾಕ್ಟರು ಮಾತ್ರೆ ಕೊಡುತ್ತಾರೆ.

ಇದಿಷ್ಟನ್ನೂ ಆ ರಾತ್ರಿ ಅವಳು ಅಜ್ಜಿಗೆ ಒಪ್ಪಿಸಿದಳು. ಮೆದುಳು ಮುಟ್ಟಿದ ಕೈ ಎಂದು ಅಜ್ಜಿ ಮೊದಲು ಎರಡು ಸಲ ಸೋಪು ಹಾಕಿ ತೊಳೆಸಿದ್ದಾಯಿತು. ಬಿಸಿನೀರಿನ ಮಾತು ಬಂದಾಗ ಅಜ್ಜಿ ತಮ್ಮೂರಿನ ಒಬ್ಬ ಹುಡುಗನನ್ನು ನೆನೆಸಿಕೊಂಡರು. ಆಡಿಕೊಂಡು ಚೆನ್ನಾಗೇ ಇದ್ದವನು, ಬರೀ ಶನಿವಾರ ಬೀಳುತ್ತಿದ್ದನಂತೆ. ಶನಿಕಾಟ ಅಂತ ಎಳ್ಳೆಣ್ಣೆ ದೀಪ ಹಚ್ಚಿಸಿದ್ದರಂತೆ, ಹರಕೆ ಹೊತ್ತಿದ್ದರಂತೆ.

"ಅಜ್ಜಿ, ಅವನಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕ್ತಿದ್ದದ್ದು ಯಾವತ್ತು?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಶನಿವಾರಾನೇ ಕಣೇ" ಅಂದರು.