ಕ್ರೋಮ್ ಎಕ್ಸ್‌ಟೆನ್ಶನ್ ಕರಪ್ಟ್ ಆದಾಗ: ರಿಮೂವ್ ಒತ್ತುವ ಮೊದಲು

ಎಕ್ಸ್‌ಟೆನ್ಶನ್ (ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ತಾನಾಗೇ ಆಫ್ ಆಗಿ, ಅದು ಕರಪ್ಟ್ ಆಗಿರಬಹುದು, ಅಂದರೆ ಅದರ ಫೈಲು ಕೆಟ್ಟಿರಬಹುದು ಅಂತ ಕ್ರೋಮ್ ಹೇಳಿದರೆ, ಮೂರು ಚುಕ್ಕಿ ಮೆನುವಿನಿಂದ ಮ್ಯಾನೇಜ್ ಎಕ್ಸ್‌ಟೆನ್ಶನ್ಸ್ ಪುಟಕ್ಕೆ ಹೋಗಿ. ಅಲ್ಲಿ ರಿಪೇರ್ ಬಟನ್ ಇರುತ್ತದೆ. ಒತ್ತಿದರೆ ವೆಬ್ ಸ್ಟೋರಿನಿಂದ ಹೊಸ ಪ್ರತಿ ಇಳಿಯುತ್ತದೆ. ಸಾಮಾನ್ಯವಾಗಿ ಇಷ್ಟೇ ಸಾಕು.

ಕ್ರೋಮ್‌ಗೆ ಹೇಗೆ ಗೊತ್ತಾಗುತ್ತದೆ?

ಸ್ಟೋರಿನಿಂದ ಬಂದ ಎಕ್ಸ್‌ಟೆನ್ಶನ್ನಿನ ಜೊತೆ ಅದರ ಫೈಲುಗಳ ಹ್ಯಾಶ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ಪಟ್ಟಿಯೂ ಡಿಜಿಟಲ್ ಸಹಿ ಸಮೇತ ಬಂದಿರುತ್ತದೆ. ಕ್ರೋಮ್ ಫೈಲನ್ನು 4096 ಬೈಟ್‌ಗಳ ತುಂಡುಗಳಾಗಿ ಓದಿ ತಾಳೆ ನೋಡುತ್ತದೆ. ಒಂದೇ ಒಂದು ಅಕ್ಷರ ಬದಲಾಗಿದ್ದರೂ ತಾಳೆಯಾಗುವುದಿಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿರಬಹುದು, ಡಿಸ್ಕ್ ಕೆಡುತ್ತಿರಬಹುದು, ಆಂಟಿವೈರಸ್ ಒಂದು ಫೈಲನ್ನು ಎತ್ತಿಟ್ಟಿರಬಹುದು. ರಿಪೇರ್ ಮಾಡಿದ ಮೇಲೂ ಮತ್ತೆ ಮತ್ತೆ ಬರುತ್ತಿದ್ದರೆ ನಾನು ಮೊದಲು ನೋಡುವುದು ಆಂಟಿವೈರಸ್‌ನ ಕ್ವಾರಂಟೈನ್ ಪಟ್ಟಿಯನ್ನು.

ಕೋಡ್ ಒಂದು ಕಡೆ, ಡೇಟಾ ಇನ್ನೊಂದು ಕಡೆ

ನನಗೆ ಜಾಸ್ತಿ ತಲೆ ತಿಂದದ್ದು ಇದು. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಅಡ್ರೆಸ್ ಬಾರಿನಲ್ಲಿ chrome://version ಅಂತ ಹಾಕಿ ಕ್ರೋಮ್‌ನ ವರ್ಶನ್ ಪುಟ ತೆಗೆದರೆ ಪ್ರೊಫೈಲ್ ಪಾತ್ (ನಿಮ್ಮ ಕ್ರೋಮ್ ಡೇಟಾ ಇರುವ ಫೋಲ್ಡರಿನ ವಿಳಾಸ) ಅಂತ ಒಂದು ಸಾಲು ಕಾಣುತ್ತದೆ. ಆ ಫೋಲ್ಡರ್ ತೆರೆಯಿರಿ. ಒಳಗೆ ‘ಎಕ್ಸ್‌ಟೆನ್ಶನ್ಸ್’ ಅನ್ನುವ ಫೋಲ್ಡರ್ ಇದೆ. ‘ಲೋಕಲ್ ಎಕ್ಸ್‌ಟೆನ್ಶನ್ ಸೆಟ್ಟಿಂಗ್ಸ್’ ಅನ್ನುವುದೂ ಇದೆ. ಎರಡರೊಳಗೂ ಎ ಇಂದ ಪಿ ವರೆಗಿನ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ 32 ಅಕ್ಷರದ ಉದ್ದ ಹೆಸರುಗಳು. ಅದೇ ಎಕ್ಸ್‌ಟೆನ್ಶನ್ನಿನ ಐಡಿ.

ಮೊದಲನೆಯದರಲ್ಲಿ ಇರುವುದು ಕೋಡ್. ಎರಡನೆಯದರಲ್ಲಿ ನಿಮ್ಮ ಡೇಟಾ: ಉಳಿಸಿಟ್ಟ ಟ್ಯಾಬ್‌ಗಳು, ನೀವೇ ಬರೆದ ಫಿಲ್ಟರ್‌ಗಳು, ಸೆಟ್ಟಿಂಗ್‌ಗಳು. (ಕೆಲವು ಎಕ್ಸ್‌ಟೆನ್ಶನ್‌ಗಳು ಅಲ್ಲೇ ಇರುವ ಇಂಡೆಕ್ಸ್ಡ್‌ಡಿಬಿ ಅನ್ನುವ ಫೋಲ್ಡರಿನಲ್ಲೂ ಡೇಟಾ ಇಡುತ್ತವೆ. ಅಲ್ಲೂ ಅದೇ ಐಡಿ ಹುಡುಕಿ.) ಹ್ಯಾಶ್ ತಾಳೆ ನೋಡುವುದು ಕೋಡನ್ನು ಮಾತ್ರ. ರಿಪೇರ್ ಬದಲಾಯಿಸುವುದೂ ಕೋಡನ್ನು ಮಾತ್ರ. ಆದರೆ ರಿಮೂವ್ ಒತ್ತಿದರೆ ಎರಡೂ ಹೋಗುತ್ತವೆ! ತೆಗೆದು ಮತ್ತೆ ಹಾಕಿದರಾಯಿತು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಡೇಟಾ ಬೇಕಿದ್ದವರು ರಿಮೂವ್ ಒತ್ತುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲು ಕ್ರೋಮ್ ಪೂರ್ತಿ ಮುಚ್ಚಿ, ಆ ಐಡಿಯ ಡೇಟಾ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಇದರ ಇನ್ನೊಂದು ಮುಖವೂ ಇದೆ. ಕೆಟ್ಟಿರುವುದು ಡೇಟಾ ಆಗಿದ್ದರೆ ಕರಪ್ಟ್ ಅಂತ ಸೂಚನೆ ಬರುವುದಿಲ್ಲ, ರಿಪೇರ್ ಬಟನ್ನೂ ಇಲ್ಲ. ಐಕಾನ್ ಇರುತ್ತದೆ, ಒತ್ತಿದರೆ ಖಾಲಿ ಪಾಪಪ್. ಆಗ ಕ್ರೋಮ್ ಮುಚ್ಚಿ, ಡೇಟಾ ಫೋಲ್ಡರಿನ ಹೆಸರು ಬದಲಿಸಿ, ಮತ್ತೆ ತೆರೆಯಿರಿ. ಈಗ ಸರಿಯಾಗಿ ನಡೆದರೆ ತೊಂದರೆ ಇದ್ದದ್ದು ಡೇಟಾದಲ್ಲೇ. ಹಳೆಯದು ಬೇರೆ ಹೆಸರಲ್ಲಿ ಹಾಗೇ ಇರುತ್ತದೆ, ಅಳಿಸಬೇಡಿ.

ಸುಲಭವಾದ ಪರೀಕ್ಷೆ

ಫೋಲ್ಡರ್ ಮುಟ್ಟಲು ಭಯವೇ? ಕ್ರೋಮ್‌ನಲ್ಲಿ ಹೊಸ ಪ್ರೊಫೈಲ್ ಮಾಡಿ ಅದೇ ಎಕ್ಸ್‌ಟೆನ್ಶನ್ ಹಾಕಿ ನೋಡಿ. ಅಲ್ಲಿ ನಡೆದರೆ ಹಳೇ ಪ್ರೊಫೈಲಿನದ್ದೇ ಸಮಸ್ಯೆ. ಅಲ್ಲೂ ನಡೆಯದಿದ್ದರೆ ಸುಮ್ನೆ ಫೋಲ್ಡರ್ ಕೆದಕಬೇಡಿ, ಎಕ್ಸ್‌ಟೆನ್ಶನ್ನಿನಲ್ಲೇ ದೋಷ ಇರಬಹುದು.

ಸ್ಟೋರಿನಿಂದಲೇ ತೆಗೆದುಹಾಕಿದ ಎಕ್ಸ್‌ಟೆನ್ಶನ್ ಆದರೆ ರಿಪೇರ್ ಕೆಲಸ ಮಾಡುವುದಿಲ್ಲ. ಇಳಿಸಲು ಪ್ರತಿಯೇ ಇರುವುದಿಲ್ಲ. ಇನ್ನು ‘ಬೆಂಬಲ ಇಲ್ಲ’ ಅಂತ ಬಂದರೆ ಅದು ಕರಪ್ಟ್ ಅಲ್ಲ. ಮ್ಯಾನಿಫೆಸ್ಟ್ ವಿ2 (ಎಕ್ಸ್‌ಟೆನ್ಶನ್ ಬರೆಯುವ ಹಳೇ ನಿಯಮಗಳ ಆವೃತ್ತಿ) ಬಳಸುವ ಎಕ್ಸ್‌ಟೆನ್ಶನ್‌ಗಳನ್ನು ಕ್ರೋಮ್ ನಿಲ್ಲಿಸಿದೆ.

ಫೈರ್‌ಫಾಕ್ಸ್‌ನಲ್ಲಿ

ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಶನ್‌ಗಳಿಗೆ ಆಡ್‌ಆನ್ ಅನ್ನುತ್ತಾರೆ. 2019ರ ಮೇ 4ರಂದು ಅವುಗಳ ಸಹಿ ಪರೀಕ್ಷಿಸುವ ಸರ್ಟಿಫಿಕೇಟಿನ ಅವಧಿ ಮುಗಿದು, ಜಗತ್ತಿನ ಎಲ್ಲೆಡೆ ಫೈರ್‌ಫಾಕ್ಸ್ ಆಡ್‌ಆನ್‌ಗಳು ಆಫ್ ಆದವು. ಫೈಲುಗಳಲ್ಲಿ ಏನೂ ಕೆಟ್ಟಿರಲಿಲ್ಲ. ಆಡ್‌ಆನ್ ತೆಗೆದು ಮತ್ತೆ ಹಾಕಬೇಡಿ, ಡೇಟಾ ಹೋಗುತ್ತದೆ ಅಂತ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಆಗಲೇ ಎಚ್ಚರಿಸಿತ್ತು. 2025ರ ಮಾರ್ಚ್ 14ಕ್ಕೆ ಇನ್ನೊಂದು ರೂಟ್ ಸರ್ಟಿಫಿಕೇಟ್ ಮುಗಿಯಿತು. ನಿಮ್ಮದು ಫೈರ್‌ಫಾಕ್ಸ್‌ನ ಸಾಮಾನ್ಯ ಆವೃತ್ತಿಯಾಗಿದ್ದು 128ಕ್ಕಿಂತ ಹಳೆಯದಾಗಿದ್ದರೆ ಆಡ್‌ಆನ್ ಆಫ್ ಆಗಲು ಇದೇ ಕಾರಣ ಇರಬಹುದು, ಆಡ್‌ಆನ್ ಮುಟ್ಟದೆ ಮೊದಲು ಬ್ರೌಸರ್ ಅಪ್‌ಡೇಟ್ ಮಾಡಿ.