ಹೊಳೆ ಮೊದಲು, ಬೆಟ್ಟ ಆಮೇಲೆ

ಕೆನಡಾದ ಮೂಲನಿವಾಸಿಗಳಾದ ಡೆನೆ ಜನರ ಭಾಷೆಯ ಒಂದೇ ಒಂದು ಪದ ಕಲಿತುಕೊಂಡು ಹೊರಡೋಣ: 'ಚೊ'. ದೊಡ್ಡದು ಅಂತ ಅರ್ಥ. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಉತ್ತರಕ್ಕೆ ಹರಿದು ಆರ್ಕ್ಟಿಕ್ ಸಾಗರ ಸೇರುವ ನದಿಗೆ ನಕ್ಷೆಯಲ್ಲಿ ಮೆಕೆಂಜಿ ಅಂತ ಹೆಸರಿದೆ. ಅದರ ದಂಡೆಯ ಡೆನೆ ಜನ ಕರೆಯುವುದು ದೆಹ್‌ಚೊ, ಅಂದರೆ ದೊಡ್ಡ ಹೊಳೆ. ಮೆಕೆಂಜಿಗೆ ಸೇರುವ ಹೊಳೆ ಲಿಯಾರ್ಡ್, ಲಿಯಾರ್ಡ್‌ಗೆ ಸೇರುವ ಹೊಳೆ ಸೌತ್ ನಾಹಾನಿ. ನಾಹಾನಿಯ ಮಧ್ಯದಲ್ಲಿ 96 ಮೀಟರ್ ಎತ್ತರದ ಜಲಪಾತವಿದೆ. 1928ರಲ್ಲಿ ಫೆನ್ಲಿ ಹಂಟರ್ ಎಂಬ ಅಮೆರಿಕದವನು ಬಂದು, ಅಳೆದು, ತನ್ನ ಮಗಳು ವರ್ಜೀನಿಯಾಳ ಹೆಸರಿಟ್ಟು ಹೋದ. ಡೆನೆ ಜನಕ್ಕೆ ಅದು ಅವತ್ತಿಗೂ ಇವತ್ತಿಗೂ ನಾಯ್ಲಿಚೊ. ನೀರು ದೊಡ್ಡದಾಗಿ ಬೀಳುವ ಜಾಗ.

ಜೋಗ ನೋಡಿದವರಿಗೆ 96 ಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ನಯಾಗರಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ. ಸುತ್ತ ಒಂದು ಅಂಗಡಿಯಿಲ್ಲ, ರಸ್ತೆಯಿಲ್ಲ, ವಿದ್ಯುತ್ ತಂತಿಯಿಲ್ಲ.

ರಸ್ತೆ ಇಲ್ಲ ಅಂದರೆ ಹೋಗೋದು ಹೇಗೆ? ಫೋರ್ಟ್ ಸಿಂಪ್ಸನ್ ಎಂಬ ಸಣ್ಣ ಊರಿನ ತನಕ ರಸ್ತೆ ಇದೆ. ಬೇಸಿಗೆಯಲ್ಲಿ ದೋಣಿ ದಾಟಿಸುತ್ತದೆ, ಚಳಿಗಾಲದಲ್ಲಿ ಗಟ್ಟಿಯಾದ ನದಿಯ ಮೇಲೇ ಗಾಡಿ ಓಡುತ್ತದೆ. ಆ ಊರಿಗೆ ಡೆನೆ ಹೆಸರು ಲೀಡ್ಲಿ ಕೂಎ, ಹೊಳೆಗಳು ಕೂಡುವ ಜಾಗ. ಲಿಯಾರ್ಡ್ ಮೆಕೆಂಜಿಗೆ ಸೇರುವುದು ಅಲ್ಲೇ. ಅಲ್ಲಿಂದ ಮುಂದೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವೇ ಗತಿ. ಹವಾಮಾನ ಕೈಕೊಟ್ಟರೆ ಕಾಯಬೇಕು, ಎರಡು ದಿನವಾದರೂ ಕಾಯಬೇಕು. ಪೋಪ್ ಎರಡನೇ ಜಾನ್ ಪಾಲ್ ಅವರಂಥವರೇ 1984ರಲ್ಲಿ ಫೋರ್ಟ್ ಸಿಂಪ್ಸನ್‌ನಲ್ಲಿ ಮಂಜು ಕವಿದು ಇಳಿಯಲಾಗದೆ ವಾಪಸ್ ಹೋದರು. ಕೊಟ್ಟ ಮಾತು ಉಳಿಸಿಕೊಳ್ಳೋಕೆ 1987ರಲ್ಲಿ ಮತ್ತೆ ಬಂದರು. ಹಾಗಾಗಿ ನಿಮ್ಮ ವಿಮಾನ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.

ವಿಮಾನದಿಂದ ಕೆಳಗೆ ನೋಡಿದಾಗಲೇ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ನದಿ ಹಾವಿನ ಹಾಗೆ ಸುತ್ತಿ ಸುತ್ತಿ ಹರಿಯುತ್ತಿದೆ. ಅದರಲ್ಲೇನು ವಿಶೇಷ ಅಂತೀರಾ? ಹೊಳೆ ಹಾಗೆ ಬಳುಕುವುದು ಸಮತಟ್ಟು ಜಾಗದಲ್ಲಿ, ಅವಸರವಿಲ್ಲದೆ ಹರಿಯುವಾಗ. ಬೆಟ್ಟದ ನಡುವೆ ಅದಕ್ಕೆ ಆ ಪುರುಸೊತ್ತು ಇರುವುದಿಲ್ಲ, ಇಳಿಜಾರು ಹುಡುಕಿಕೊಂಡು ಓಡುತ್ತದೆ. ನಾಹಾನಿ ಮಾತ್ರ ಸಾವಿರ ಮೀಟರಿಗೂ ಜಾಸ್ತಿ ಆಳದ ಕಣಿವೆಗಳೊಳಗೆ ಬಯಲುಸೀಮೆಯ ಹೊಳೆಯ ಹಾಗೆ ಬಳುಕುತ್ತದೆ. ಪಕ್ಕದಲ್ಲಿ ಸುಲಭದ ದಾರಿ ಇದ್ದರೂ ಬಿಟ್ಟು, ಎದುರಿಗಿರುವ ಬೆಟ್ಟವನ್ನೇ ಸೀಳಿಕೊಂಡು ಹೋಗುತ್ತದೆ.

ಕಾರಣ ಸರಳ. ನದಿ ಹರಿಯೋಕೆ ಶುರು ಮಾಡಿದಾಗ ಆ ಬೆಟ್ಟಗಳು ಇರಲೇ ಇಲ್ಲ.

ನಮ್ಮ ಮನೆಗಳ ಈಳಿಗೆಮಣೆ ನೆನಪಿಸಿಕೊಳ್ಳಿ. ಚಾಕುವಿನಲ್ಲಿ ಹೆಚ್ಚುವಾಗ ಅಲಗು ಚಲಿಸುತ್ತದೆ, ತರಕಾರಿ ಇದ್ದಲ್ಲೇ ಇರುತ್ತದೆ. ಈಳಿಗೆಯಲ್ಲಿ ಉಲ್ಟಾ. ಅಲಗು ಕದಲುವುದಿಲ್ಲ, ಕುಂಬಳಕಾಯಿಯೇ ಹೋಗಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ನಾಹಾನಿಯೇ ಈಳಿಗೆಯ ಅಲಗು. ಅದು ತನ್ನ ಮಟ್ಟದಲ್ಲಿ ಹರಿಯುತ್ತಲೇ ಇತ್ತು, ಕೆಳಗಿನಿಂದ ನೆಲ ನಿಧಾನಕ್ಕೆ ಮೇಲೆದ್ದು ಬಂತು. ನೆಲ ಏಳುವ ವೇಗಕ್ಕಿಂತ ನದಿ ಕೊರೆಯುವ ವೇಗ ಕಡಿಮೆಯಾಗಿದ್ದರೆ ನೀರು ಕಟ್ಟಿಕೊಂಡು ಬೇರೆ ದಾರಿ ಹಿಡಿಯುತ್ತಿತ್ತು. ಇಲ್ಲಿ ಕೊರೆತ ಸೋಲಲಿಲ್ಲ. ಅದಕ್ಕೇ ಬಯಲಿನ ಕಾಲದ ಹಳೆಯ ತಿರುವುಗಳೆಲ್ಲ ಹಾಗ್ಹಾಗೇ ಬಂಡೆಯಲ್ಲಿ ಉಳಿದುಹೋದವು. ನೋಡೋಕೆ ನದಿ ಬೆಟ್ಟದೊಳಗೆ ನುಗ್ಗಿದ ಹಾಗೆ ಕಾಣುತ್ತದೆ. ನಿಜವಾಗಿ ಬೆಟ್ಟವೇ ನದಿಯ ದಾರಿಗೆ ಅಡ್ಡ ಬಂದದ್ದು.

ಕಣಿವೆಗಳು ನಾಲ್ಕು. ಹೆಸರಿಟ್ಟವರಿಗೆ ಕಲ್ಪನೆ ಕಮ್ಮಿ ಅಂತ ಕಾಣುತ್ತೆ, ಒಂದು, ಎರಡು, ಮೂರು, ನಾಲ್ಕು ಅಷ್ಟೇ. ಅದೂ ಕೆಳಗಿನಿಂದ ಮೇಲಕ್ಕೆ, ಯಾಕೆಂದರೆ ಎಣಿಸಿದವರು ಹೊಳೆಗೆ ಎದುರಾಗಿ ಬಂದವರು. ಈಗ ದೋಣಿಯಲ್ಲಿ ಇಳಿದು ಬರುವವರಿಗೆ ನಾಲ್ಕನೆಯದು ಮೊದಲು ಸಿಗುತ್ತದೆ. ಆ ನಾಲ್ಕನೆಯದು ಜಲಪಾತದ ಸೃಷ್ಟಿ. ಬೀಳುವ ನೀರು ತನ್ನ ಅಂಚನ್ನು ತಾನೇ ಕೊರೆದುಕೊಂಡು ಹಿಂದೆ ಹಿಂದೆ ಸರಿಯುತ್ತಾ ಬಂದಿದೆ, ಬಿಟ್ಟುಹೋದ ಹಾದಿಯೇ ಕಣಿವೆ.

ಇನ್ನೊಂದು ವಿಷಯ. ಕೆನಡಾದ ಬಹುಪಾಲು ನೆಲವನ್ನು ಹಿಮಯುಗ ಉಜ್ಜಿ ಸವೆಸಿಬಿಟ್ಟಿದೆ. ಇಲ್ಲಿ ಮಾತ್ರ ಪೂರ್ವದಿಂದ ಬಂದ ಹಿಮದ ಹಾಸು, ಪಶ್ಚಿಮದ ಬೆಟ್ಟಗಳಿಂದ ಇಳಿದ ಹಿಮದ ಹಾಸು, ಇವೆರಡರ ನಡುವೆ ಒಂದಷ್ಟು ನೆಲ ತಪ್ಪಿಸಿಕೊಂಡು ಉಳಿಯಿತು. ಒಂದನೇ ಕಣಿವೆ ಅಂಥ ಜಾಗ. ಅದಕ್ಕೇ ಅಲ್ಲಿನ ಸುಣ್ಣಕಲ್ಲಿನ ಗೋಡೆಗಳು ಅಷ್ಟು ಚೂಪು, ಒಳಗೆಲ್ಲ ಗುಹೆಗಳು. ಒಂದು ಗುಹೆಯೊಳಗೆ ನೂರರ ಹತ್ತಿರ ಕಾಡುಕುರಿಗಳ ಅಸ್ಥಿಪಂಜರ ಸಿಕ್ಕಿವೆ. ಒಳಗಿನ ಮಂಜಿನ ಇಳಿಜಾರಿನಲ್ಲಿ ಜಾರಿದವು ಮತ್ತೆ ಹತ್ತಲಾಗದೆ ಸತ್ತಿರಬೇಕು. ಡಾಲ್ ಕುರಿ ಅನ್ನುವ ಬಿಳಿ ಕುರಿ ಅದು, ಬಂಡೆ ಹತ್ತುವುದರಲ್ಲಿ ಪಳಗಿದ ಪ್ರಾಣಿ. ಅದೇ ಜಾರಿದೆ ಅಂದ್ರೆ ಲೆಕ್ಕ ಹಾಕಿ.

ಇಡೀ ಜಾಗದಲ್ಲಿ ನನಗೆ ತುಂಬಾ ಇಷ್ಟವಾದದ್ದು ಜಲಪಾತವೂ ಅಲ್ಲ, ಕಣಿವೆಯೂ ಅಲ್ಲ. ಜಲಪಾತಕ್ಕಿಂತ ಮೇಲಿರುವ ಒಂದು ಸುಣ್ಣದ ದಿಬ್ಬ. ಸುಮಾರು 27 ಮೀಟರ್ ಎತ್ತರ, 70 ಮೀಟರ್ ಅಗಲ. ಇಂಗ್ಲಿಷ್‌ನಲ್ಲಿ ರ‍್ಯಾಬಿಟ್‌ಕೆಟಲ್ ಅಂತಾರೆ, ಡೆನೆ ಭಾಷೆಯಲ್ಲಿ ಗಹ್ನಿಹ್ಥಾ. ಗಹ್ ಅಂದರೆ ಮೊಲ. ಈ ಮೊಲವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಿಬ್ಬ ಹತ್ತಬೇಕಾದರೆ ನಾಹಾನಿ ರಾಷ್ಟ್ರೀಯ ಪಾರ್ಕಿನ ಸಿಬ್ಬಂದಿ ಜೊತೆಗಿರಬೇಕು, ಚಪ್ಪಲಿ ಬೂಟು ಬಿಚ್ಚಿಡಬೇಕು. ದೇವಸ್ಥಾನ ನೆನಪಾಗುತ್ತೆ ಅಲ್ವಾ? ಡೆನೆ ಜನಕ್ಕೆ ಅದು ಪವಿತ್ರ ಜಾಗ ಅನ್ನುವುದು ನಿಜವೇ. ಆದರೆ ಬೂಟು ಬಿಚ್ಚಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೇಲ್ಪದರ ಅಷ್ಟು ನಾಜೂಕು, ಬೂಟಿನ ಅಂಚು ತಾಗಿದರೆ ಪುಡಿಯಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಗೀಸರ್ ಒಳಗೆ, ಬಿಳಿ ಹೊಪ್ಪಳೆ ಕಟ್ಟುತ್ತದಲ್ಲ, ಇದೂ ಅದೇ ವಸ್ತು. ಆಳದಲ್ಲಿ ಸುತ್ತಿ ಬರುವ ನೀರು ದಾರಿಯಲ್ಲಿ ಸುಣ್ಣಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಅದನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಟ್ಟಿರುವುದು ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್. ನೀರು ಮೇಲೆ ಬಂದು ಗಾಳಿಗೆ ತೆರೆದುಕೊಂಡ ಕೂಡಲೇ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ, ಆ ಅನಿಲ ಹಾರಿಹೋಗುತ್ತದೆ. ಸುಣ್ಣ ಇದ್ದಲ್ಲೇ ಕೂತುಬಿಡುತ್ತದೆ. ತುದಿಯಿಂದ ನೀರು ಉಕ್ಕುತ್ತದೆ, ಪಕ್ಕಕ್ಕೆ ಹರಿಯುತ್ತದೆ, ಎಲ್ಲಿ ಸಣ್ಣ ಅಡ್ಡಿ ಸಿಕ್ಕಿತೋ ಅಲ್ಲಿ ಒಂದು ಅಂಚು ಕಟ್ಟುತ್ತದೆ. ಅಂಚಿನ ಹಿಂದೆ ತಟ್ಟೆಯಷ್ಟು ಕೊಳ, ಅದು ತುಂಬಿ ಕೆಳಗೆ ಇನ್ನೊಂದು ಕೊಳ, ಹೀಗೇ ಮೆಟ್ಟಿಲು ಮೆಟ್ಟಿಲಾಗಿ. ಬರಿಗಾಲಿಗೆ ತಾಗುವ ಈ ನೀರು ಕಳೆದ ಹಿಮಯುಗ ಮುಗಿದಾಗಿನಿಂದ, ಅಂದರೆ ಸುಮಾರು 10,000 ವರ್ಷಗಳಿಂದ, ಒಂದೊಂದೇ ಪದರ ಹಚ್ಚುತ್ತಾ ಈ ದಿಬ್ಬ ಕಟ್ಟಿದೆ.

ಡೆನೆ ಹಿರಿಯರ ಕಥೆಯಲ್ಲಿ ಈ ದಿಬ್ಬ ದೈತ್ಯ ಬೀವರ್‌ಗಳ ಮನೆ. ಬೀವರ್ ಅಂದರೆ ಹೊಳೆಗೆ ಕಟ್ಟೆ ಕಟ್ಟುವ, ನೀರಿನಲ್ಲಿ ಬದುಕುವ ದಪ್ಪ ಇಲಿ ಜಾತಿಯ ಪ್ರಾಣಿ. ಆ ದೈತ್ಯರು ದೋಣಿಯವರನ್ನು ಕಾಡುತ್ತಿದ್ದರಂತೆ. ನಾಡೆಲ್ಲ ಸುತ್ತಿ ನಿಯಮ ಹಾಕಿಕೊಟ್ಟ ಯಾಂಬಾದೇಜಾ ಎಂಬ ವೀರ ಬಂದು ಅವನ್ನು ಓಡಿಸಿದನಂತೆ. ತಮಾಷೆ ಅಂದರೆ ಉತ್ತರ ಅಮೆರಿಕದಲ್ಲಿ 100 ಕಿಲೋ ತೂಗುವ ದೈತ್ಯ ಬೀವರ್ ನಿಜಕ್ಕೂ ಇತ್ತು. ಪಕ್ಕದ ಯೂಕಾನ್‌ನಲ್ಲೂ ಅದರ ಮೂಳೆ ಸಿಕ್ಕಿದೆ. ನೋಡಿ, ಕಥೆ ನಿಜವಾಯಿತು ಅಂತ ಕುಣಿಯಬಹುದು. ನಾನು ಕುಣಿಯುವುದಿಲ್ಲ. ಉತ್ತರದ ಈ ಭಾಗದಲ್ಲಿ ಆ ಪ್ರಾಣಿ ಇಲ್ಲವಾಗಿ ಹತ್ತಾರು ಸಾವಿರ ವರ್ಷಗಳಾಗಿವೆ, ದಕ್ಷಿಣದಲ್ಲಿ ಮಾತ್ರ ಸುಮಾರು 10,000 ವರ್ಷಗಳ ಹಿಂದಿನವರೆಗೆ ಉಳಿದಿತ್ತು. ಕಥೆಯನ್ನು ಮೂಳೆಗೆ ಗಂಟು ಹಾಕದಿದ್ದರೂ ಅದಕ್ಕೊಂದು ಕೆಲಸ ಇದೆ. ಇಲ್ಲಿ ಹುಷಾರಾಗಿ ನಡೆದುಕೋ ಅಂತ ಹೇಳುತ್ತದೆ. ಬೂಟು ಬಿಚ್ಚಿ ಅನ್ನುವ ಫಲಕವೂ ಹೇಳುವುದು ಅದನ್ನೇ.

ಈ ನದಿಗೆ ಇನ್ನೊಂದು ಬಗೆಯ ಕಥೆಗಳೂ ಅಂಟಿಕೊಂಡಿವೆ. ಚಿನ್ನ ಹುಡುಕಲು ಹೋದ ಮೆಕ್‌ಲಿಯಡ್ ಸಹೋದರರ ಹೆಣ 1908ರಲ್ಲಿ ತಲೆಯಿಲ್ಲದೆ ಸಿಕ್ಕಿತು. ಆಮೇಲೆ ನಕ್ಷೆ ತುಂಬಾ ಸತ್ತವರ ಕಣಿವೆ, ತಲೆಯಿಲ್ಲದವರ ಹಳ್ಳ ಅಂತ ಹೆಸರುಗಳು. ಪ್ರವಾಸಿಗರಿಗೆ ಇದು ಬಲು ಪ್ರೀತಿ. ನನಗೆ ಅಷ್ಟೇನೂ ಇಲ್ಲ. ಕಾಡಿನಲ್ಲಿ ಹೆಣ ಸಿಕ್ಕರೆ ಕರಡಿ, ತೋಳಗಳು ಅದನ್ನು ಹಾಗೇ ಬಿಟ್ಟಿರುತ್ತವಾ?

ನನಗೆ ಕುತೂಹಲ ಇರುವುದು ಕಾಣೆಯಾದ ನಹಾ ಜನರ ಬಗ್ಗೆ. ಬೆಟ್ಟಗಳಲ್ಲಿದ್ದ ಅವರು ತಗ್ಗಿನ ಊರುಗಳ ಮೇಲೆ ದಾಳಿ ಮಾಡುತ್ತಿದ್ದರಂತೆ. ತಾಳ್ಮೆಗೆಟ್ಟ ತಗ್ಗಿನ ಡೆನೆ ಜನ ಒಮ್ಮೆ ಅವರ ಬಿಡಾರಕ್ಕೆ ಮುತ್ತಿಗೆ ಹಾಕಿದರು. ಗುಡಾರಗಳೊಳಗೆ ನುಗ್ಗಿದರೆ ಒಬ್ಬರೂ ಇಲ್ಲ. ಆಮೇಲೆ ಅವರನ್ನು ಯಾರೂ ನೋಡಲಿಲ್ಲ. ನಾಹಾನಿ ಅನ್ನುವ ಹೆಸರು ಅವರದೇ. ಹೋದರೆಲ್ಲಿಗೆ? ನವಾಹೋ ಜನ ಅವರೇ ಇರಬೇಕು ಅಂತ ಇವತ್ತು ಕೆಲವರು ಹೇಳುತ್ತಾರೆ. ನವಾಹೋ ಜನ ಇರುವುದು ಸುಮಾರು 3,000 ಕಿಲೋಮೀಟರ್ ದಕ್ಷಿಣಕ್ಕೆ, ಅಮೆರಿಕದ ಅರಿಜೋನಾ ಮರಳುಗಾಡಿನಲ್ಲಿ. ಸುಮ್ನೆ ಗಾಳಿಮಾತು ಅಂತ ತಳ್ಳಿಹಾಕೋಣ ಅಂದರೆ ಭಾಷಾವಿಜ್ಞಾನ ಬಿಡುವುದಿಲ್ಲ.

ಡೆನೆ ಅಂದರೆ ಜನ. ನವಾಹೋಗಳು ತಮ್ಮನ್ನು ಕರೆದುಕೊಳ್ಳುವುದು ದಿನೆ, ಅದರ ಅರ್ಥವೂ ಜನ. ಇಲ್ಲಿ ನೀರಿಗೆ ತು, ಅಲ್ಲಿ ತೋ. ಇಲ್ಲಿ ಕಲ್ಲಿಗೆ ಥೆ, ಅಲ್ಲಿ ತ್ಸೆ. ಇಲ್ಲಿ ದೊಡ್ಡದು ಚೊ, ಅಲ್ಲಿ ತ್ಸೊ: ಕಯೋಟಿ ಎಂಬ ಸಣ್ಣ ತೋಳಕ್ಕೆ ನವಾಹೋದಲ್ಲಿ ಮಾಯಿ ಅಂತಾರೆ, ನಿಜವಾದ ತೋಳಕ್ಕೆ ಮಾಯಿತ್ಸೊ. ಇನ್ನು ಆ ಮೊಲ! ಇಲ್ಲೂ ಗಹ್, ಅಲ್ಲೂ ಗಹ್. ನಮ್ಮ ಹಾಲು ತಮಿಳಿನಲ್ಲಿ ಪಾಲ್, ನಮ್ಮ ಹಲ್ಲು ಅಲ್ಲಿ ಪಲ್ ಆಗಿರುವ ಹಾಗೆ ಇಲ್ಲೂ ಶಬ್ದಗಳು ನಿಯಮ ಹಿಡಿದು ಬದಲಾಗಿವೆ. ಎರಡೂ ಒಂದೇ ಅಥಾಬಾಸ್ಕನ್ ಕುಟುಂಬದ ಭಾಷೆಗಳು, ಜನ ಉತ್ತರದಿಂದ ದಕ್ಷಿಣಕ್ಕೆ ಹೋದವರು ಅನ್ನುವುದರಲ್ಲಿ ಈಗ ಜಗಳ ಇಲ್ಲ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹೂಯಿ ಎಂಬ ನಮ್ಮ ದಾಯಾದಿ ಭಾಷೆ ಇದೆ ಅಂತ ಮೊದಲ ಸಲ ಕೇಳಿದಾಗ ಆಗುವ ಬೆರಗು, ಅದೇ ಇದು.

ಯಾಕೆ ಹೋದರು? ಸುಮಾರು ಕ್ರಿ.ಶ. 850ರಲ್ಲಿ ಅಲಾಸ್ಕಾ ಗಡಿಯ ಮೌಂಟ್ ಚರ್ಚಿಲ್ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಪೂರ್ವಕ್ಕೆ ಯೂಕಾನ್ ದಾಟಿ ಬಂದು ಬಿತ್ತು, ಅಷ್ಟೇ ಅಲ್ಲ, ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಐರ್ಲೆಂಡಿನ ಜೌಗಿನಲ್ಲೂ ಸಿಕ್ಕಿದೆ. ಬೂದಿ ಮುಚ್ಚಿದ ನೆಲದಲ್ಲಿ ಪ್ರಾಣಿಗಳಿಗೆ ಮೇವಿಲ್ಲ, ಬೇಟೆಯವರಿಗೆ ಬೇಟೆಯಿಲ್ಲ. ಆ ಏಟಿಗೆ ಒಂದಷ್ಟು ಜನ ಗುಳೆ ಎದ್ದಿರಬಹುದು ಅನ್ನುವುದು ಒಂದು ವಾದ. ಇನ್ನೂ ಸಾಬೀತಾಗಿಲ್ಲ. ಅವರೇ ನಹಾ ಜನ ಅನ್ನುವುದಂತೂ ಇಲ್ಲವೇ ಇಲ್ಲ.

ಉಳಿದವರು ಇಲ್ಲೇ ಇದ್ದಾರೆ. ನದಿಯ ಕೊನೆಯಲ್ಲಿ ನಾಹಾನಿ ಬ್ಯೂಟ್ ಎಂಬ ನೂರರ ಆಸುಪಾಸು ಜನರ ಊರಿದೆ. ಜಲಪಾತಕ್ಕೆ ಅಣೆಕಟ್ಟು ಕಟ್ಟುವ ಮಾತು ಎದ್ದಿದ್ದ ಕಾಲದಲ್ಲಿ, 1970ರಲ್ಲಿ ಪ್ರಧಾನಿ ಪಿಯರ್ ಟ್ರೂಡೊ ಈ ನದಿಗೆ ಬಂದುಹೋದರು, 1972ರಲ್ಲಿ ಪಾರ್ಕಿಗೆಂದು ಜಾಗ ಕಾದಿರಿಸಿದರು. 1978ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಮೊಟ್ಟಮೊದಲ ಪಟ್ಟಿಯಲ್ಲೇ ಹೆಸರು ಬಂತು. ಆದರೂ ಮೊದಲ ಪಾರ್ಕ್ ನದಿಯ ಅಕ್ಕಪಕ್ಕದ ಒಂದು ಪಟ್ಟಿ ಅಷ್ಟೇ. ದೆಹ್‌ಚೊ ಡೆನೆ ಜನ ಇಡೀ ಜಲಾನಯನ ಉಳಿಯಬೇಕು ಅಂತ ಹಿಡಿದು ಕೂತು, 2009ರಲ್ಲಿ ಅದು ಆರು ಪಟ್ಟು ಬೆಳೆದು 30,000 ಚದರ ಕಿಲೋಮೀಟರ್ ಆಯಿತು. ಹೆಸರಿನಲ್ಲಿ ಇನ್ನೂ 'ರಿಸರ್ವ್' ಅಂತ ಇದೆ. ಕಾಯ್ದಿಟ್ಟ ಕಾಡು ಅಂತ ಅದರ ಅರ್ಥವಲ್ಲ, ನೆಲ ಯಾರದು ಅನ್ನುವ ಮಾತುಕತೆ ಮುಗಿದಿಲ್ಲ ಅಂತ.

ನೀವು ಡೆನೆ ಜನರ ಜೊತೆ ಹೊಳೆಗೆ ಇಳಿದರೆ ಮೊದಲು ಒಂದು ಚಿಟಿಕೆ ಹೊಗೆಸೊಪ್ಪು ನೀರಿಗೆ ಬಿಡುತ್ತಾರೆ. ನಾವು ಹೊಳೆಗೆ ಬಾಗಿನ ಬಿಡುವ ಹಾಗೆ. ಆಮೇಲೆ ದೋಣಿ. ಈಗೆಲ್ಲ ರಬ್ಬರ್ ತೆಪ್ಪ. ಹಿಂದೆ ಚಳಿಗಾಲವಿಡೀ ಬೆಟ್ಟದಲ್ಲಿ ಬೇಟೆಯಾಡಿದವರು ವಸಂತದಲ್ಲಿ ಹಿಮ ಒಡೆದ ಕೂಡಲೇ ಅಲ್ಲೇ ದೋಣಿ ಕಟ್ಟುತ್ತಿದ್ದರು. ಸ್ಪ್ರೂಸ್ ಮರದ ಗಳುಗಳ ಹಂದರ, ಅದರ ಮೇಲೆ ಆರರಿಂದ ಹತ್ತು ಮೂಸ್ ಚರ್ಮ. ಮೂಸ್ ಅಂದರೆ ಕುದುರೆಗಿಂತ ಎತ್ತರದ ಕಡವೆ. ಹಸಿ ಚರ್ಮಗಳನ್ನು ಹೆಂಗಸರು ಪ್ರಾಣಿಯ ನರದ ದಾರದಲ್ಲಿ ಹೊಲಿದು, ಹೊಲಿಗೆಗೆ ಕೊಬ್ಬು, ಮರದ ಅಂಟು ಮೆತ್ತುತ್ತಿದ್ದರು. ಹೆಂಡತಿ ಮಕ್ಕಳು, ನಾಯಿಗಳು, ಒಣಗಿಸಿದ ಮಾಂಸ, ಮಾರಾಟದ ತುಪ್ಪಳ, ಎಲ್ಲ ಅದರಲ್ಲೇ. ನೂರಾರು ಕಿಲೋಮೀಟರ್ ಕೆಳಗಿನ ವ್ಯಾಪಾರದ ಠಾಣೆಗೆ ಬಂದು ಸೇರಿದ ಮೇಲೆ ದೋಣಿ ಬಿಚ್ಚುತ್ತಿದ್ದರು. ಎದುರು ಹರಿವಿಗೆ ಅದನ್ನು ಎಳೆದುಕೊಂಡು ಹೋಗೋಕಾಗಲ್ಲ. ಗಳು ಸೌದೆಗಾಯಿತು. ಚರ್ಮವನ್ನು ಹದ ಮಾಡಿ, ಹೊಗೆ ಹಾಕಿ, ಕತ್ತರಿಸಿ ಬಟ್ಟೆಗೆ, ಪಾದರಕ್ಷೆಗೆ. ಆಮೇಲೆ ನಾಯಿಗಳ ಬೆನ್ನಿಗೆ ಗಂಟು ಕಟ್ಟಿ, ದಾಟಿ ಬಂದ ಬೆಟ್ಟಗಳ ಕಡೆಗೆ ಮತ್ತೆ ನಡಿಗೆ.